ಬೆರಳ ತುದಿಯ ಪೈಪೋಟಿ: ಮೊದಲ ಟಚ್‌ಸ್ಕ್ರೀನ್ ಫೋನ್‌ಗಳಲ್ಲಿ ಯಾವುದರಲ್ಲಿ ಏನಿತ್ತು?

ಗುಂಡಿಗಳಿಲ್ಲದ ಮೊಬೈಲ್ ಫೋನ್ ಇಂದು ಯಾರಿಗೂ ಸೋಜಿಗದ ವಸ್ತುವಲ್ಲ. ಆದರೆ 2007ರಿಂದ 2009ರವರೆಗಿನ ಮೂರು ವರ್ಷಗಳಲ್ಲಿ ಫೋನ್ ಹೇಗಿರಬೇಕೆಂಬ ವಿಷಯವೇ ಇತ್ಯರ್ಥವಾಗಿರಲಿಲ್ಲ. ಪರದೆಯನ್ನು ಬೆರಳಿನಿಂದ ಮುಟ್ಟಬೇಕೆ ಅಥವಾ ಕಡ್ಡಿಯಿಂದ ಒತ್ತಬೇಕೆ? ಅಕ್ಷರಗಳ ಕೀಲಿಮಣೆ ಪ್ರತ್ಯೇಕವಾಗಿ ಇರಬೇಕೆ ಅಥವಾ ಪರದೆಯ ಮೇಲೆಯೇ ಮೂಡಬೇಕೆ? ಹೊಸ ತಂತ್ರಾಂಶಗಳನ್ನು ಸೇರಿಸಿಕೊಳ್ಳುವ ಅವಕಾಶ ಬಳಕೆದಾರನಿಗೆ ಇರಬೇಕೆ? ಈ ಪ್ರಶ್ನೆಗಳಿಗೆ ಒಂದೊಂದು ಕಂಪನಿ ಒಂದೊಂದು ಉತ್ತರ ಕೊಟ್ಟಿತ್ತು. ಆ ಉತ್ತರಗಳೇ ಅಂಗಡಿಗಳಲ್ಲಿ ಬೇರೆ ಬೇರೆ ಫೋನ್‌ಗಳಾಗಿ ಕುಳಿತಿದ್ದವು.

ಕೊಳ್ಳುವವರಿಗೆ ನೆರವಾಗಲೆಂದು ಆ ದಿನಗಳಲ್ಲಿ ಹೋಲಿಕೆಯ ಕೋಷ್ಟಕಗಳು ಧಾರಾಳವಾಗಿ ಪ್ರಕಟವಾಗುತ್ತಿದ್ದವು. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಮೆಮೊರಿ ಕಾರ್ಡ್ ಹಾಕಬಹುದೆ, 3ಜಿ ಇದೆಯೆ, ಎಫ್‌ಎಂ ರೇಡಿಯೊ ಇದೆಯೆ ಎಂದು ಸಾಲುಸಾಲಾಗಿ ಪಟ್ಟಿ ಮಾಡಿ ಅಂಕ ಕೊಡುವುದು ವಾಡಿಕೆಯಾಗಿತ್ತು. ಅಂಥ ಕೋಷ್ಟಕದ ಪ್ರಕಾರ ಸೋಲಬೇಕಿದ್ದ ಫೋನ್ ಮುಂದೆ ಗೆದ್ದಿತು. ಗೆಲ್ಲಬೇಕಿದ್ದ ಫೋನ್ ಮರೆಯಾಯಿತು. ಅದು ಹೇಗಾಯಿತೆಂಬುದನ್ನು ಈಗ ನಿಧಾನವಾಗಿ ನೋಡಬಹುದು. ಕನ್ನಡ ಬಳಸುವವರ ಪಾಲಿಗಂತೂ ಇದರಲ್ಲಿ ಇನ್ನೊಂದು ಪಾಠವೂ ಅಡಗಿದೆ.

ಸೈಮನ್‌ನಿಂದ ಪ್ರಾಡಾವರೆಗೆ

ಟಚ್‌ಸ್ಕ್ರೀನ್ ಫೋನ್ ಆಪಲ್ ಕಂಪನಿಯ ಆವಿಷ್ಕಾರ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಐಬಿಎಂ ರೂಪಿಸಿದ ‘ಸೈಮನ್’ ಎಂಬ ಫೋನ್ 1994ರ ಆಗಸ್ಟ್‌ನಲ್ಲಿಯೇ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು. ಅರ್ಧ ಕಿಲೋ ತೂಗುತ್ತಿದ್ದ ಆ ಸಾಧನದಲ್ಲಿ ದಿನಚರಿ, ವಿಳಾಸ ಪುಸ್ತಕ, ಫ್ಯಾಕ್ಸ್ ಮತ್ತು ಇ-ಮೇಲ್ ಸೌಲಭ್ಯಗಳಿದ್ದವು. ಬ್ಯಾಟರಿ ಒಂದು ಗಂಟೆಯ ಮಾತಿಗೆ ಮುಗಿದುಹೋಗುತ್ತಿತ್ತು. ಸುಮಾರು 50 ಸಾವಿರ ಫೋನ್‌ಗಳು ಮಾರಾಟವಾದ ಬಳಿಕ ಅದು ಮಾರುಕಟ್ಟೆಯಿಂದ ಹಿಂದೆ ಸರಿಯಿತು.

1996ರಲ್ಲಿ ಬಂದ ಪಾಮ್ ಪೈಲಟ್ ಫೋನ್ ಆಗಿರಲಿಲ್ಲ. ಆದರೆ ಅಂಗೈಯಗಲದ ಪರದೆಯ ಮೇಲೆ ಕಡ್ಡಿಯಿಂದ ಬರೆಯುವ ಅಭ್ಯಾಸವನ್ನು ಜನಪ್ರಿಯಗೊಳಿಸಿದ್ದು ಅದೇ. ಸ್ಟೈಲಸ್ ಎಂದು ಕರೆಯಲಾಗುವ ಈ ಕಡ್ಡಿ ಮುಂದೆ ಹತ್ತು ವರ್ಷಗಳ ಕಾಲ ಟಚ್‌ಸ್ಕ್ರೀನ್ ಸಾಧನಗಳ ಅವಿಭಾಜ್ಯ ಅಂಗವಾಯಿತು. 2002ರ ಸೋನಿ ಎರಿಕ್ಸನ್ ಪಿ800, ವಿಂಡೋಸ್ ಮೊಬೈಲ್ ತಂತ್ರಾಂಶವಿದ್ದ ಬಗೆಬಗೆಯ ಫೋನ್‌ಗಳು, 2004ರ ನೋಕಿಯಾ 7710 ಎಲ್ಲವೂ ಇದೇ ದಾರಿ ಹಿಡಿದಿದ್ದವು.

ಬೆರಳಿನಿಂದಲೇ ಬಳಸುವ ಪರದೆಯನ್ನು ಫೋನ್‌ನಲ್ಲಿ ತರುತ್ತಿರುವುದಾಗಿ ಆಪಲ್‌ಗಿಂತ ಮೊದಲು ಪ್ರಕಟಿಸಿದ್ದು ಕೊರಿಯಾದ ಎಲ್‌ಜಿ. ಅದರ ‘ಪ್ರಾಡಾ’ ಫೋನ್ 2006ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಮೂರು ಇಂಚಿನ ಅಂದವಾದ ಪರದೆ ಅದಕ್ಕಿತ್ತು. ಆದರೆ ವೈ-ಫೈ ಇರಲಿಲ್ಲ, 3ಜಿ ಇರಲಿಲ್ಲ. ಒಂದು ತಿಂಗಳೊಳಗೆ, 2007ರ ಜನವರಿ 9ರಂದು, ಸ್ಟೀವ್ ಜಾಬ್ಸ್ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಐಫೋನನ್ನು ಪ್ರದರ್ಶಿಸಿದರು. ಪ್ರಾಡಾ ಬಹುಬೇಗ ಜನರ ಮನಸ್ಸಿನಿಂದ ಮರೆಯಾಯಿತು.

ಒತ್ತುವ ಪರದೆ, ಮುಟ್ಟುವ ಪರದೆ

ಈ ಫೋನ್‌ಗಳ ನಡುವಿನ ಮೂಲಭೂತ ವ್ಯತ್ಯಾಸ ತಿಳಿಯಬೇಕಾದರೆ ಪರದೆಯ ಎರಡು ತಂತ್ರಜ್ಞಾನಗಳನ್ನು ಅರ್ಥ ಮಾಡಿಕೊಳ್ಳಬೇಕು.

ಮೊದಲನೆಯದು ರೆಸಿಸ್ಟಿವ್ ಪರದೆ. ಇದರಲ್ಲಿ ವಿದ್ಯುತ್ ಹರಿಯಬಲ್ಲ ಎರಡು ತೆಳುವಾದ ಪದರಗಳು ಇರುತ್ತವೆ. ಅವುಗಳ ನಡುವೆ ಕೂದಲೆಳೆಯಷ್ಟು ಅಂತರ. ಮೇಲಿನ ಪದರ ಬಾಗುವ ಪ್ಲಾಸ್ಟಿಕ್‌ನದು. ಒತ್ತಿದಾಗ ಅದು ಕೆಳಗಿನ ಪದರವನ್ನು ತಾಗುತ್ತದೆ. ತಾಗಿದ ಜಾಗ ಯಾವುದೆಂದು ಫೋನ್ ಲೆಕ್ಕ ಹಾಕುತ್ತದೆ. ಒತ್ತಿದ್ದು ಬೆರಳೋ, ಉಗುರೋ, ಕಡ್ಡಿಯೋ, ಕೈಗವಸು ತೊಟ್ಟ ಕೈಯೋ ಎಂಬುದು ಇಲ್ಲಿ ಮುಖ್ಯವಲ್ಲ. ತಯಾರಿಕೆಯ ವೆಚ್ಚ ಕಡಿಮೆ. ಕಡ್ಡಿಯ ಮೊನೆಯಿಂದ ನಿಖರವಾಗಿ ಗುರುತಿಸಬಹುದು. ಆದರೆ ಬೆರಳನ್ನು ಹಗುರವಾಗಿ ಸವರಿದರೆ ಸಾಲದು, ಒತ್ತಲೇಬೇಕು. ಪದರಗಳ ದೆಸೆಯಿಂದ ಚಿತ್ರ ತುಸು ಮಂಕಾಗುತ್ತದೆ. ಒಂದು ಸಲಕ್ಕೆ ಒಂದು ಸ್ಪರ್ಶವನ್ನು ಮಾತ್ರ ಗುರುತಿಸುವುದು ಆಗಿನ ಫೋನ್‌ಗಳ ಮಿತಿಯಾಗಿತ್ತು.

ಎರಡನೆಯದು ಕೆಪ್ಯಾಸಿಟಿವ್ ಪರದೆ. ಇದರಲ್ಲಿ ಗಾಜಿನ ಹಿಂದೆ ಪಾರದರ್ಶಕ ವಾಹಕದ ಲೇಪ ಇದ್ದು, ಅದರ ಸುತ್ತ ಸಣ್ಣದೊಂದು ವಿದ್ಯುತ್ ಕ್ಷೇತ್ರ ಏರ್ಪಟ್ಟಿರುತ್ತದೆ. ಮನುಷ್ಯನ ದೇಹ ವಿದ್ಯುದ್ವಾಹಕವಾದ್ದರಿಂದ ಬೆರಳು ಹತ್ತಿರ ಬಂದೊಡನೆ ಆ ಕ್ಷೇತ್ರದಲ್ಲಿ ಬದಲಾವಣೆ ಉಂಟಾಗುತ್ತದೆ. ಅದನ್ನು ಅಳೆದು ಫೋನ್ ಬೆರಳಿನ ಸ್ಥಾನ ಕಂಡುಹಿಡಿಯುತ್ತದೆ. ಒತ್ತುವ ಅಗತ್ಯವಿಲ್ಲ, ಸವರಿದರೆ ಸಾಕು. ಎರಡು ಬೆರಳುಗಳನ್ನು ಏಕಕಾಲಕ್ಕೆ ಗುರುತಿಸುವಂತೆ ಇದನ್ನು ರೂಪಿಸಬಹುದು. ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸುವ, ಕುಗ್ಗಿಸುವ ಚಮತ್ಕಾರ ಸಾಧ್ಯವಾದದ್ದು ಇದರಿಂದಲೇ. ಆದರೆ ಉಗುರಿನಿಂದ, ಸಾಧಾರಣ ಕಡ್ಡಿಯಿಂದ ಇದು ಕೆಲಸ ಮಾಡದು. ಕೈ ಒದ್ದೆಯಾಗಿದ್ದರೆ ತಪ್ಪು ಗ್ರಹಿಸುವುದೂ ಉಂಟು.

ಐಫೋನ್: ಇಲ್ಲದ್ದೇ ಹೆಚ್ಚು

2007ರ ಜೂನ್ 29ರಂದು ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಐಫೋನ್‌ನ ವಿವರ ಹೀಗಿತ್ತು: 3.5 ಇಂಚಿನ ಕೆಪ್ಯಾಸಿಟಿವ್ ಪರದೆ, 320x480 ಪಿಕ್ಸೆಲ್, 2 ಮೆಗಾಪಿಕ್ಸೆಲ್ ಕ್ಯಾಮೆರಾ, ವೈ-ಫೈ, 4 ಅಥವಾ 8 ಜಿಬಿ ಸಂಗ್ರಹ ಸಾಮರ್ಥ್ಯ. ಬೆಲೆ 499 ಮತ್ತು 599 ಡಾಲರ್.

ಅದರಲ್ಲಿ ಇಲ್ಲದವುಗಳ ಪಟ್ಟಿ ಇನ್ನೂ ಉದ್ದವಾಗಿತ್ತು. 3ಜಿ ಇಲ್ಲ. ಜಿಪಿಎಸ್ ಇಲ್ಲ. ವಿಡಿಯೊ ಚಿತ್ರೀಕರಣ ಇಲ್ಲ. ಎಂಎಂಎಸ್ ಕಳುಹಿಸುವಂತಿಲ್ಲ. ಪಠ್ಯವನ್ನು ನಕಲು ಮಾಡಿ ಬೇರೆಡೆ ಅಂಟಿಸುವಂತಿಲ್ಲ. ಮೆಮೊರಿ ಕಾರ್ಡ್‌ಗೆ ಜಾಗವಿಲ್ಲ. ಬ್ಯಾಟರಿಯನ್ನು ಬಳಕೆದಾರ ತೆಗೆಯುವಂತಿಲ್ಲ. ಬ್ಲೂಟೂತ್ ಮೂಲಕ ಹಾಡನ್ನೋ ಚಿತ್ರವನ್ನೋ ಗೆಳೆಯರಿಗೆ ಕಳುಹಿಸುವಂತಿಲ್ಲ. ಹೊರಗಿನವರು ತಯಾರಿಸಿದ ತಂತ್ರಾಂಶಗಳನ್ನು ಹಾಕಿಕೊಳ್ಳುವ ವ್ಯವಸ್ಥೆಯೂ ಇರಲಿಲ್ಲ. ಇವುಗಳಲ್ಲಿ ಹಲವು ಸೌಲಭ್ಯಗಳು ಅದರ ಅರ್ಧ ಬೆಲೆಯ ಗುಂಡಿ ಫೋನ್‌ಗಳಲ್ಲಿಯೇ ದೊರೆಯುತ್ತಿದ್ದವು.

ಹಾಗಾದರೆ ಐಫೋನ್‌ನಲ್ಲಿ ಇದ್ದದ್ದೇನು? ಬೆರಳು ಸರಿದಷ್ಟೇ ಸಹಜವಾಗಿ ಸರಿಯುವ ಪುಟಗಳು ಮತ್ತು ಗಣಕದಲ್ಲಿ ಕಾಣುವಂತೆಯೇ ಜಾಲತಾಣಗಳನ್ನು ತೋರಿಸುವ ಸಫಾರಿ ಬ್ರೌಸರ್. ಈ ಸಲೀಸುತನ ಆಕಸ್ಮಿಕವಾಗಿ ಒದಗಿದ್ದಲ್ಲ. ಬಹುಸ್ಪರ್ಶ ತಂತ್ರಜ್ಞಾನದಲ್ಲಿ ಪಳಗಿದ್ದ ಫಿಂಗರ್‌ವರ್ಕ್ಸ್ ಎಂಬ ಪುಟ್ಟ ಕಂಪನಿಯನ್ನು ಆಪಲ್ 2005ರಲ್ಲಿಯೇ ಕೊಂಡಿತ್ತು. ಆದರೆ ‘ಬೆರಳಿಗೆ ಒಗ್ಗುವ ಗುಣ’ ಎಂಬ ಸಾಲು ಯಾವ ಕೋಷ್ಟಕದಲ್ಲಿಯೂ ಸುಲಭವಾಗಿ ಕೂರುವಂಥದ್ದಲ್ಲ.

ಜಿ1: ಎರಡು ದೋಣಿಯಲ್ಲಿ ಕಾಲು

ಗೂಗಲ್‌ನ ಆಂಡ್ರಾಯ್ಡ್ ತಂತ್ರಾಂಶ ಹೊತ್ತ ಮೊದಲ ಫೋನ್ 2008ರ ಅಕ್ಟೋಬರ್ 22ರಂದು ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ತಯಾರಿಸಿದ್ದು ತೈವಾನಿನ ಎಚ್‌ಟಿಸಿ. ‘ಡ್ರೀಮ್’ ಎಂಬುದು ಅದರ ಹೆಸರಾದರೂ ಟಿ-ಮೊಬೈಲ್ ಸಂಸ್ಥೆ ಅದನ್ನು ‘ಜಿ1’ ಎಂದು ಮಾರಿತು. 3.2 ಇಂಚಿನ ಕೆಪ್ಯಾಸಿಟಿವ್ ಪರದೆ, ಸುಮಾರು 3 ಮೆಗಾಪಿಕ್ಸೆಲ್ ಕ್ಯಾಮೆರಾ, 3ಜಿ, ಜಿಪಿಎಸ್, ಮೆಮೊರಿ ಕಾರ್ಡ್ ಸೌಲಭ್ಯ ಅದರಲ್ಲಿದ್ದವು.

ಪರದೆಯನ್ನು ಪಕ್ಕಕ್ಕೆ ಸರಿಸಿದರೆ ಅಡಿಯಿಂದ ಪೂರ್ಣ ಪ್ರಮಾಣದ ಇಂಗ್ಲಿಷ್ ಕೀಲಿಮಣೆ ಹೊರಬರುತ್ತಿತ್ತು. ಜೊತೆಗೊಂದು ಉರುಳುವ ಗುಂಡು ಕೂಡ ಇತ್ತು. ಬೆರಳಿನ ಮೇಲೆ ಪೂರ್ಣ ಭರವಸೆ ಇಡಲು ಕಂಪನಿಗಳು ಇನ್ನೂ ಸಿದ್ಧವಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಪರದೆಯ ಮೇಲೆ ಮೂಡುವ ಕೀಲಿಮಣೆ ಜಿ1ನಲ್ಲಿ ಆರಂಭದಲ್ಲಿ ಇರಲೇ ಇಲ್ಲ. ಎರಡು ಬೆರಳಿನಿಂದ ಹಿಗ್ಗಿಸುವ ಸೌಲಭ್ಯವಾಗಲಿ, ವಿಡಿಯೊ ಚಿತ್ರೀಕರಣವಾಗಲಿ ಇರಲಿಲ್ಲ. ಸಾಮಾನ್ಯ ಇಯರ್‌ಫೋನ್ ಚುಚ್ಚಲು ರಂಧ್ರವೂ ಇರಲಿಲ್ಲ.

2009ರ ಏಪ್ರಿಲ್‌ನಲ್ಲಿ ಬಂದ ಆಂಡ್ರಾಯ್ಡ್ 1.5 ಆವೃತ್ತಿ ಈ ಕೊರತೆಗಳಲ್ಲಿ ಕೆಲವನ್ನು ತುಂಬಿತು. ಪರದೆಯ ಕೀಲಿಮಣೆ ಬಂತು, ವಿಡಿಯೊ ಬಂತು. ಗಮನಿಸಬೇಕಾದ ಸಂಗತಿಯೆಂದರೆ ಹೊರಗಿನವರು ತಯಾರಿಸಿದ ಕೀಲಿಮಣೆಗಳನ್ನೂ ಫೋನ್‌ಗೆ ಸೇರಿಸಿಕೊಳ್ಳುವ ಅವಕಾಶವನ್ನು ಅದು ತೆರೆಯಿತು.

ನೋಕಿಯಾ 5800: ಪಟ್ಟಿಯಲ್ಲಿ ಮೊದಲಿಗ

2008ರ ಅಕ್ಟೋಬರ್ 2ರಂದು ನೋಕಿಯಾ ಪ್ರಕಟಿಸಿದ 5800 ಎಕ್ಸ್‌ಪ್ರೆಸ್‌ಮ್ಯೂಸಿಕ್ ಫೋನನ್ನು ಕಾಗದದ ಮೇಲೆ ಹೋಲಿಸಿದರೆ ಎದುರಾಳಿಗಳೆಲ್ಲ ಮಂಕಾಗುತ್ತಿದ್ದರು. 3.2 ಇಂಚಿನ ಪರದೆಯಲ್ಲಿ 640x360 ಪಿಕ್ಸೆಲ್, ಅಂದರೆ ಐಫೋನ್‌ಗಿಂತ ಹೆಚ್ಚು. ಫ್ಲಾಶ್ ಸಹಿತವಾದ 3.2 ಮೆಗಾಪಿಕ್ಸೆಲ್ ಕ್ಯಾಮೆರಾ, ವಿಡಿಯೊ ಕರೆಗಾಗಿ ಮುಂಭಾಗದಲ್ಲಿ ಇನ್ನೊಂದು. 3ಜಿ, ವೈ-ಫೈ, ಜಿಪಿಎಸ್, ಎಫ್‌ಎಂ ರೇಡಿಯೊ, ಟಿ.ವಿ.ಗೆ ಜೋಡಿಸುವ ಸೌಲಭ್ಯ, ಬದಲಾಯಿಸಬಹುದಾದ ಬ್ಯಾಟರಿ, ಮೆಮೊರಿ ಕಾರ್ಡ್ ಎಲ್ಲವೂ ಇದ್ದವು. 2009ರ ಆರಂಭದಲ್ಲಿ ಭಾರತಕ್ಕೆ ಬಂದಾಗ ಇದರ ಬೆಲೆ 20 ಸಾವಿರ ರೂಪಾಯಿಗಳ ಆಸುಪಾಸಿನಲ್ಲಿತ್ತು.

ತೊಡಕು ಇದ್ದದ್ದು ಬೇರೆಡೆ. ಅದರ ಪರದೆ ರೆಸಿಸ್ಟಿವ್ ಬಗೆಯದು. ಹಿಂಬದಿಯ ಮುಚ್ಚಳದಲ್ಲಿ ಸ್ಟೈಲಸ್ ಕಡ್ಡಿಯೊಂದನ್ನು ಸಿಕ್ಕಿಸಲಾಗಿತ್ತು. ಒಳಗಿದ್ದ ಸಿಂಬಿಯನ್ ಎಸ್60 ವ್ಯವಸ್ಥೆ ಗುಂಡಿ ಫೋನ್‌ಗಳಿಗಾಗಿ ಹುಟ್ಟಿ ಬೆಳೆದದ್ದು. ಅದಕ್ಕೆ ಸ್ಪರ್ಶದ ಸೌಲಭ್ಯವನ್ನು ಆಮೇಲೆ ಹೊಲಿದು ಸೇರಿಸಲಾಗಿತ್ತು. ಹೀಗಾಗಿ ಕೆಲವು ಕಡೆ ಒಮ್ಮೆ ಮುಟ್ಟಿದರೆ ಸಾಕು, ಇನ್ನು ಕೆಲವು ಕಡೆ ಮೊದಲ ಸಲ ಮುಟ್ಟಿ ಆಯ್ಕೆ ಮಾಡಿ ಎರಡನೆಯ ಸಲ ಮುಟ್ಟಿ ತೆರೆಯಬೇಕು. ಎಲ್ಲವೂ ಇತ್ತು, ಆದರೆ ಒಂದಕ್ಕೊಂದು ಹೊಂದಿಕೆಯಿರಲಿಲ್ಲ.

ಸ್ಟಾರ್ಮ್ ಮತ್ತು ಪ್ರಿ

ಕೆನಡಾದ ಬ್ಲ್ಯಾಕ್‌ಬೆರಿ ತನ್ನ ಪುಟ್ಟ ಗುಂಡಿಗಳ ಕೀಲಿಮಣೆಗೆ ಹೆಸರಾಗಿತ್ತು. 2008ರ ನವೆಂಬರ್‌ನಲ್ಲಿ ಬಂದ ‘ಸ್ಟಾರ್ಮ್’ ಫೋನ್‌ನಲ್ಲಿ ಅದು ವಿಚಿತ್ರವಾದ ರಾಜಿ ಮಾಡಿಕೊಂಡಿತು. ಇಡೀ ಪರದೆಯೇ ಒಂದು ದೊಡ್ಡ ಗುಂಡಿ! ಅಕ್ಷರವನ್ನು ಮುಟ್ಟಿ, ನಂತರ ಪರದೆಯನ್ನು ಒತ್ತಿ ‘ಕ್ಲಿಕ್’ ಎನ್ನಿಸಬೇಕಿತ್ತು. ಗುಂಡಿಯ ಅನುಭವ ದೊರೆಯಿತಾದರೂ ಟೈಪಿಸುವ ವೇಗ ಕುಗ್ಗಿತು. ವೈ-ಫೈ ಇಲ್ಲದ್ದು ಇನ್ನೊಂದು ಕೊರತೆ.

2009ರ ಜೂನ್ 6ರಂದು ಬಂದ ‘ಪಾಮ್ ಪ್ರಿ’ ಇದಕ್ಕಿಂತ ಜಾಣತನದ ಫೋನ್. ತೆರೆದಿರುವ ತಂತ್ರಾಂಶಗಳನ್ನು ಇಸ್ಪೀಟು ಎಲೆಗಳಂತೆ ಸಾಲಾಗಿ ತೋರಿಸಿ, ಬೇಡವಾದದ್ದನ್ನು ಮೇಲಕ್ಕೆ ತಳ್ಳಿ ಮುಚ್ಚುವ ವಿಧಾನವನ್ನು ಅದು ತಂದಿತು. ಈ ವಿಧಾನ ಮುಂದೆ ಇತರ ಫೋನ್‌ಗಳಲ್ಲಿಯೂ ನೆಲೆಯೂರಿತು. ಪಾಮ್ ಕಂಪನಿ ಮಾತ್ರ ಉಳಿಯಲಿಲ್ಲ. 2010ರಲ್ಲಿ ಎಚ್‌ಪಿ ಅದನ್ನು ಕೊಂಡಿತು. 2011ರ ಆಗಸ್ಟ್‌ನಲ್ಲಿ ಆ ಸಾಧನಗಳ ತಯಾರಿಕೆಯನ್ನೇ ನಿಲ್ಲಿಸಿತು.

ಭಾರತಕ್ಕೆ ಬಂದಾಗ

ಮೊದಲ ಐಫೋನ್ ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗಲಿಲ್ಲ. ಎರಡನೆಯದಾದ ‘ಐಫೋನ್ 3ಜಿ’ 2008ರ ಆಗಸ್ಟ್ 22ರಂದು ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ ಇಲ್ಲಿಗೆ ಬಂತು. 8 ಜಿಬಿ ಮಾದರಿಗೆ 31,000 ರೂ., 16 ಜಿಬಿ ಮಾದರಿಗೆ 36,100 ರೂ. ಅಮೆರಿಕದಲ್ಲಿ ಅದೇ ಫೋನ್ 199 ಡಾಲರ್‌ಗೆ ಸಿಗುತ್ತಿದ್ದುದು ಇಲ್ಲಿ ಅಸಮಾಧಾನಕ್ಕೆ ಕಾರಣವಾಯಿತು. ಅಲ್ಲಿನ ಗ್ರಾಹಕ ಎರಡು ವರ್ಷಗಳ ಕರಾರಿಗೆ ಸಹಿ ಹಾಕುತ್ತಿದ್ದ. ಉಳಿದ ಹಣವನ್ನು ದೂರವಾಣಿ ಕಂಪನಿ ತಿಂಗಳ ಬಿಲ್‌ನಲ್ಲಿ ವಸೂಲು ಮಾಡಿಕೊಳ್ಳುತ್ತಿತ್ತು. ಇಲ್ಲಿನ ಗ್ರಾಹಕ ಪೂರ್ತಿ ಹಣವನ್ನು ಒಮ್ಮೆಗೇ ಎಣಿಸಿ ಕೊಡಬೇಕಿತ್ತು.

ಇನ್ನೊಂದು ವಿಪರ್ಯಾಸವೂ ಇತ್ತು. ಹೆಸರಿನಲ್ಲಿಯೇ 3ಜಿ ಹೊತ್ತ ಆ ಫೋನ್ ಬಂದಾಗ ದೇಶದಲ್ಲಿ 3ಜಿ ಸೇವೆಯೇ ಇರಲಿಲ್ಲ. ಸರಕಾರಿ ಕಂಪನಿಗಳು 2008ರ ಕೊನೆ ಮತ್ತು 2009ರ ಆರಂಭದಲ್ಲಿ ಸೇವೆ ಶುರು ಮಾಡಿದವು. ಖಾಸಗಿ ಕಂಪನಿಗಳಿಗೆ ತರಂಗಾಂತರ ಹರಾಜಾದದ್ದು 2010ರ ಮೇ ತಿಂಗಳಲ್ಲಿ. ಏರ್‌ಟೆಲ್ ಬೆಂಗಳೂರಿನಲ್ಲಿ 3ಜಿ ಆರಂಭಿಸುವ ಹೊತ್ತಿಗೆ 2011ರ ಜನವರಿ ಬಂದಿತ್ತು. ಕೋಷ್ಟಕದಲ್ಲಿ ‘ಇದೆ’ ಎಂದು ಬರೆದದ್ದೆಲ್ಲ ಬಳಸುವವನ ಊರಿನಲ್ಲಿ ಇರಲೇಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಪಟ್ಟಿಯಲ್ಲಿ ಕಾಣದ ಸಾಲು

ಈಗ ಕನ್ನಡದ ವಿಷಯಕ್ಕೆ ಬರಬಹುದು. ಬೆಲೆಬಾಳುವ ಈ ಟಚ್‌ಸ್ಕ್ರೀನ್ ಫೋನ್‌ಗಳು ಕನ್ನಡ ಓದುಗನನ್ನು ನಿರಾಸೆಗೊಳಿಸುತ್ತಿದ್ದವು. 2008ರ ಜಿ1ನಲ್ಲಿ ಕನ್ನಡದ ಪುಟ ತೆರೆದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳ ಸಾಲು ಕಾಣುತ್ತಿತ್ತು.

ಕನ್ನಡದ ಅಕ್ಷರಶೈಲಿಯನ್ನು, ಅಂದರೆ ಫಾಂಟನ್ನು ತುಂಬಿಸಿದರೆ ಸಮಸ್ಯೆ ಬಗೆಹರಿಯುತ್ತಿತ್ತೆ? ಇಲ್ಲ. ಯುನಿಕೋಡ್ ಪದ್ಧತಿಯಲ್ಲಿ ‘ಕ್ರಾಂತಿ’ ಎಂಬ ಪದ ಏಳು ಸಂಕೇತಗಳಾಗಿ ಸಂಗ್ರಹವಾಗುತ್ತದೆ. ಅವುಗಳನ್ನು ಓದಿ, ರಕಾರವನ್ನು ಒತ್ತಾಗಿಸಿ, ದೀರ್ಘವನ್ನು ಕಕಾರಕ್ಕೆ ಸೇರಿಸಿ ಸರಿಯಾದ ರೂಪದಲ್ಲಿ ಮೂಡಿಸುವ ಪ್ರತ್ಯೇಕ ತಂತ್ರಾಂಶ ಬೇಕು. ‘ಸೂರ್ಯ’ ಎಂಬ ಪದದಲ್ಲಿ ಯಕಾರಕ್ಕಿಂತ ಮೊದಲು ಸಂಗ್ರಹವಾಗಿರುವ ರಕಾರವು ಅರ್ಕಾವೊತ್ತಾಗಿ ಅದರ ನಂತರ ಕಾಣಿಸಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಈ ತಾಪತ್ರಯ ಇಲ್ಲ. ಒಂದು ಸಂಕೇತಕ್ಕೆ ಒಂದು ಅಕ್ಷರ, ಒಂದರ ಪಕ್ಕ ಇನ್ನೊಂದು. ಅಕ್ಷರ ಜೋಡಿಸುವ ತಂತ್ರಾಂಶವಿಲ್ಲದ ಫೋನ್‌ಗೆ ಬರೀ ಫಾಂಟ್ ತುಂಬಿದವರಿಗೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಚೆದುರಿದ ಕನ್ನಡ ಕಾಣಸಿಗುತ್ತಿತ್ತು.

ಆ ಕಾಲದ ಕನ್ನಡ ಓದುಗರಿಗೆ ಆಸರೆಯಾದದ್ದು ಒಪೆರಾ ಮಿನಿ ಬ್ರೌಸರ್. ಅದರ ಒಳಪುಟವೊಂದರಲ್ಲಿದ್ದ ಆಯ್ಕೆಯನ್ನು ಬದಲಿಸಿದರೆ, ಕಂಪನಿಯ ಸರ್ವರ್‌ನಲ್ಲಿಯೇ ಕನ್ನಡ ಅಕ್ಷರಗಳು ಚಿತ್ರಗಳಾಗಿ ಮಾರ್ಪಟ್ಟು ಫೋನ್‌ಗೆ ಬರುತ್ತಿದ್ದವು. ಫೋನ್‌ಗೆ ಕನ್ನಡ ಗೊತ್ತಿಲ್ಲದಿದ್ದರೂ ಚಿತ್ರ ತೋರಿಸಲು ಅಡ್ಡಿಯಿಲ್ಲವಲ್ಲ! ಸುದ್ದಿ ಓದಲು ಅದು ಸಾಲುತ್ತಿತ್ತು. ಆದರೆ ಮನೆಯವರಿಗೆ ಕನ್ನಡದಲ್ಲಿ ಎರಡು ಸಾಲು ಬರೆದು ಕಳುಹಿಸಲು ಅದರಿಂದ ಪ್ರಯೋಜನವಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪಿಸುವ ಅಭ್ಯಾಸ ಬೇರೂರಿದ್ದಕ್ಕೆ ಇದೂ ಒಂದು ಕಾರಣ.

ಇಲ್ಲಿ ಒಂದು ಸ್ವಾರಸ್ಯವಿದೆ. ಪ್ಲಾಸ್ಟಿಕ್ ಗುಂಡಿಗಳನ್ನು ಒಮ್ಮೆ ಅಚ್ಚು ಹಾಕಿದ ಮೇಲೆ ಬದಲಿಸಲಾಗದು, ಪರದೆಯ ಮೇಲಿನ ಗುಂಡಿಗಳನ್ನಾದರೆ ಬೇಕೆಂದಾಗ ಬದಲಿಸಬಹುದು ಎಂಬುದು 2007ರಲ್ಲಿ ಜಾಬ್ಸ್ ಮಂಡಿಸಿದ ಮುಖ್ಯ ವಾದ. ಇಂಗ್ಲಿಷ್ ಬಳಸುವವರಿಗೆ ಅದು ಅನುಕೂಲದ ಮಾತು. ಕನ್ನಡದಂಥ ಭಾಷೆಗೆ ಅದು ಅಳಿವು ಉಳಿವಿನ ಮಾತು. ಕನ್ನಡ ಅಕ್ಷರಗಳನ್ನು ಅಚ್ಚು ಹಾಕಿದ ಪುಟ್ಟ ಕೀಲಿಮಣೆಯ ಸ್ಮಾರ್ಟ್‌ಫೋನನ್ನು ಯಾವ ಕಂಪನಿ ತಾನೇ ಪ್ರತ್ಯೇಕವಾಗಿ ತಯಾರಿಸುತ್ತಿತ್ತು? ಗಾಜಿನ ಪರದೆಗೆ ಆ ಹಂಗಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ಗಣಕಗಳಲ್ಲಿ ಪರಿಚಿತವಾಗಿದ್ದ ಕೀಲಿಮಣೆ ವಿನ್ಯಾಸವನ್ನೂ ಅದರ ಮೇಲೆ ಮೂಡಿಸಬಹುದು. ಟಚ್‌ಸ್ಕ್ರೀನ್‌ನಿಂದ ಹೆಚ್ಚಿನ ಲಾಭ ಪಡೆಯಬೇಕಿದ್ದುದು ಕನ್ನಡದಂಥ ಭಾಷೆಗಳೇ. ಅವು ತೀರ ತಡವಾಗಿ ಸರದಿಯಲ್ಲಿ ನಿಲ್ಲಬೇಕಾಯಿತು.

2012ರಲ್ಲಿ ಬಂದ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡ ಲಿಪಿಗೆ ಬೆಂಬಲ ದೊರೆಯಿತು. ಮೊದಲ ಆಂಡ್ರಾಯ್ಡ್ ಫೋನ್ ಬಂದು ಆಗ ನಾಲ್ಕು ವರ್ಷವಾಗಿತ್ತು. ಐಫೋನ್‌ನಲ್ಲಿ ಹೊರಗಿನವರ ಕೀಲಿಮಣೆಗಳಿಗೆ ಅವಕಾಶ ಸಿಕ್ಕಿದ್ದು 2014ರಲ್ಲಿ. ಆಪಲ್ ತನ್ನದೇ ಕನ್ನಡ ಕೀಲಿಮಣೆಯನ್ನು ಸೇರಿಸಿದ್ದು 2017ರ ಐಒಎಸ್ 11ರಲ್ಲಿ. ಅಂದರೆ ಮೊದಲ ಐಫೋನ್ ಬಂದ ಹತ್ತು ವರ್ಷಗಳ ಬಳಿಕ.

ಗೆದ್ದದ್ದು ಏಕೆ?

ಕೋಷ್ಟಕ ಏಕೆ ದಾರಿ ತಪ್ಪಿಸಿತೆಂಬುದು ಈಗ ಸ್ಪಷ್ಟವಾಗುತ್ತದೆ. ಕೊಳ್ಳುವ ದಿನ ಫೋನ್‌ನಲ್ಲಿ ಏನಿದೆ ಎಂಬುದನ್ನು ಮಾತ್ರ ಅದು ಹೇಳುತ್ತಿತ್ತು. ನಾಳೆ ಅದು ಏನಾಗಬಲ್ಲದು ಎಂಬುದನ್ನು ಹೇಳುತ್ತಿರಲಿಲ್ಲ. 2008ರ ಜುಲೈನಲ್ಲಿ ಆಪಲ್ ಸುಮಾರು 500 ತಂತ್ರಾಂಶಗಳೊಂದಿಗೆ ಆಪ್ ಸ್ಟೋರ್ ತೆರೆಯಿತು. 2009ರ ಜೂನ್‌ನಲ್ಲಿ ನಕಲು ಮತ್ತು ಅಂಟಿಸುವ ಸೌಲಭ್ಯವನ್ನು ತಂತ್ರಾಂಶದ ಮೂಲಕವೇ ಹಳೆಯ ಐಫೋನ್‌ಗಳಿಗೂ ತಲುಪಿಸಿತು. ಆಂಡ್ರಾಯ್ಡ್ ಕೂಡ ಇದೇ ಹಾದಿಯಲ್ಲಿ ಬೆಳೆಯಿತು. ನೋಕಿಯಾ 5800 ಹೆಚ್ಚುಕಡಿಮೆ ಕೊಂಡ ದಿನ ಇದ್ದಂತೆಯೇ ಉಳಿಯಿತು. 2011ರ ಫೆಬ್ರವರಿಯಲ್ಲಿ ನೋಕಿಯಾ ವಿಂಡೋಸ್ ಫೋನ್ ತಂತ್ರಾಂಶದ ಕಡೆಗೆ ವಾಲುವುದರೊಂದಿಗೆ ಸಿಂಬಿಯನ್‌ನ ಕತೆ ಮುಗಿಯತೊಡಗಿತು. 2014ರ ಏಪ್ರಿಲ್‌ನಲ್ಲಿ ನೋಕಿಯಾದ ಫೋನ್ ವಿಭಾಗ ಮೈಕ್ರೋಸಾಫ್ಟ್ ಪಾಲಾಯಿತು. ಬ್ಲ್ಯಾಕ್‌ಬೆರಿಯ ಹಳೆಯ ಫೋನ್‌ಗಳ ಸೇವೆಗಳು 2022ರ ಜನವರಿ 4ರಂದು ಕೊನೆಗೊಂಡವು.

ಗೆದ್ದ ಫೋನ್‌ಗಳಿಗೂ ಅಮರತ್ವವೇನೂ ಸಿಗಲಿಲ್ಲ. ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆ 2017ರ ಜನವರಿಯಲ್ಲಿ 2ಜಿ ಜಾಲವನ್ನು ಮುಚ್ಚಿದಾಗ, 3ಜಿ ಇಲ್ಲದ ಮೊದಲ ಐಫೋನ್ ಆ ಜಾಲದಲ್ಲಿ ಕರೆ ಮಾಡುವ ಶಕ್ತಿಯನ್ನು ಕಳೆದುಕೊಂಡಿತು. 2007ರ ಕೋಷ್ಟಕ ಎತ್ತಿ ತೋರಿಸಿದ್ದ ಕೊರತೆಯೇ ಹತ್ತು ವರ್ಷಗಳ ಬಳಿಕ ಅದನ್ನು ಬಲಿ ತೆಗೆದುಕೊಂಡಿತು ಎನ್ನಬಹುದು.

ಹೊಸ ಫೋನ್ ಕೊಳ್ಳುವವರಿಗೆ ಈ ಹಳೆಯ ಪೈಪೋಟಿಯಿಂದ ಎರಡು ಉಪಯುಕ್ತ ಪ್ರಶ್ನೆಗಳು ದೊರೆಯುತ್ತವೆ. ಈ ಫೋನ್‌ನ ತಂತ್ರಾಂಶ ಎಷ್ಟು ವರ್ಷಗಳವರೆಗೆ ನವೀಕರಣಗೊಳ್ಳುತ್ತದೆ ಎಂಬುದು ಮೊದಲನೆಯದು. ನನ್ನ ಭಾಷೆಯನ್ನು ಇದು ಎಷ್ಟು ಚೆನ್ನಾಗಿ ಬಲ್ಲದು ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಗೆ ಉತ್ತರ ತಿಳಿಯಲು ಪರಿಣತರ ನೆರವು ಬೇಕಿಲ್ಲ. ಹಣ ಕೊಡುವ ಮುನ್ನ ಅಂಗಡಿಯಲ್ಲಿಯೇ ಕನ್ನಡ ಕೀಲಿಮಣೆ ತೆರೆದು ‘ಸೂರ್ಯ’, ‘ರಾಷ್ಟ್ರ’, ‘ಸಂಕ್ರಾಂತಿ’ ಎಂದು ಟೈಪಿಸಿ ನೋಡಿದರೆ ಸಾಕು.